ಎಸ್ತರಳ ಬದಲಿಗೆ ಬಂದವಳು

ಸುಸನ್ನಾ ನಿಜಾಮರ ಸೀಮೆಯಾದ ಮೊಗಲಾಯಿಗೆ ಕಾಲಿಟ್ಟ ದಿನವೇ ತಾರೀಖು ಕಳೆದುಕೊಂಡಳು. ಗಡಿ ದಾಟಿದ ಮೇಲೆ ರೈಲಿನ ಡಬ್ಬಿ ಹತ್ತಿದ ಕರೋಡಗಿರಿಯ ಗುಮಾಸ್ತ, ಅಂದರೆ ನಿಜಾಮ ಸರಕಾರದ ಸುಂಕದವ, ಅವಳ ಟ್ರಂಕು ತೆಗೆಸಿ ನೋಡಿ, ಊರು ಬಿಟ್ಟದ್ದು ಯಾವಾಗ ಎಂದು ಕೇಳಿದ. ನಿನ್ನೆ, ಜೂನ್ ಎಂಟಕ್ಕೆ ಎಂದಳು.

"ಆ ಲೆಕ್ಕ ಇಲ್ಲಿ ನಡೆಯೂದಿಲ್ಲ ಬಾಯಿ. ಇದು ಅಮರದಾದ ತಿಂಗಳು. ಸನ್ ಹದಿಮೂರುನೂರ ಐವತ್ತೇಳು, ನಮ್ಮ ಫಸಲಿ ಲೆಕ್ಕ."

ಅವನು ನಗುತ್ತಿದ್ದಾನೋ ಗದರಿಸುತ್ತಿದ್ದಾನೋ ತಿಳಿಯಲಿಲ್ಲ. ಅವಳು ಎರಡಕ್ಕೂ ಸರಿಹೋಗುವಂತೆ ತಲೆಯಾಡಿಸಿದಳು.

ಧಾರವಾಡದ ಮಿಶನ್ ಟ್ರೇನಿಂಗ್ ಸಾಲಿಯಲ್ಲಿ ಅವಳು ಶಿಕ್ಷಕಿಯಾಗಲು ಕಲಿಯುತ್ತಿದ್ದಳು. ಅಲ್ಲಿಯ ದೊರೆಸಾನಿಗೂ ಬೀದರಿನ ಮಿಶನ್ ಸಾಲಿಯ ದೊರೆಸಾನಿಗೂ ಹಳೆಯ ಗೆಳೆತನ. ಅರ್ಧ ವರ್ಷದ ಮಟ್ಟಿಗೆ ಒಬ್ಬೊಬ್ಬ ಹುಡುಗಿಯನ್ನು ಅದಲುಬದಲು ಮಾಡಿ ನೋಡೋಣ ಎಂದು ಅವರಿಬ್ಬರೂ ಮೊದಲೇ ಮಾತಾಡಿಕೊಂಡಿದ್ದರು. ಅಷ್ಟರಲ್ಲಿ ಹಿಂದಿನ ಆಗಸ್ಟಿನಲ್ಲಿ ಇಂಡಿಯಾ ಸ್ವತಂತ್ರವಾಯಿತು. ಹೈದರಾಬಾದು ಮಾತ್ರ ನಿಜಾಮರ ಬೇರೆ ರಾಜ್ಯವಾಗಿಯೇ ಉಳಿಯಿತು. ರೈಲಿನ ದಾರಿ ಅದೇ ಇದ್ದರೂ ಬೀದರು ಪರದೇಶವಾಯಿತು. ಸುಸನ್ನಾಳ ಅವ್ವ ಬೇಡವೆಂದು ಅತ್ತಳು. ಪರದೇಶವೆಂದ ಮೇಲಂತೂ ಸುಸನ್ನಾಳಿಗೆ ಹೋಗಲೇಬೇಕೆನಿಸಿತು.

ಬೀದರಿನಿಂದ ಧಾರವಾಡಕ್ಕೆ ಹೋದವಳು ಎಸ್ತರ, ಬೀದರಿಗೆ ಹತ್ತಿದ ಮೈಲೂರಿನ ಗಿಡಿಯೋನ ಮಾಸ್ತರರ ಮಗಳು. ಸುಸನ್ನಾ ಆ ಮನೆಯಲ್ಲೇ ಇರುವುದೆಂದು ಗೊತ್ತಾಗಿತ್ತು. ಮಾಸ್ತರರ ಹೆಂಡತಿ ಹೀರಾಬಾಯಿ ಬಾಗಿಲಲ್ಲೇ ಅವಳ ಕೈ ಹಿಡಿದು ಒಳಗೆ ಕರೆದೊಯ್ದು, "ಇದು ಎಸ್ತರನ ಹಾಸಗಿ, ಇದು ಅಕಿ ಗಂಗಾಳ. ಇನ್ನ ಎಲ್ಲಾ ನಿಂದೇ ನೋಡವಾ. ಉಣ್ಣಲಿಕ್ಕ ಯಾನ್ ಮಾಡ್ಲಿ?" ಎಂದಳು.

"ಏನರ ಮಾಡ್ರಿ ಕಾಕು, ನಡೀತೈತಿ," ಎಂದಳು ಸುಸನ್ನಾ.

ಭಾಷೆ ಒಂದೇ ಎಂದು ಆಗ ಧೈರ್ಯ ಬಂತು. ಮರುದಿನ ಸಾಲಿಗೆ ಹೋದಾಗ ಆ ಧೈರ್ಯ ಹೋಯಿತು. ಹುಡುಗಿಯರು ಅಂಗಳದಲ್ಲಿ ಕನ್ನಡದಲ್ಲಿ ಜಗಳಾಡುತ್ತಿದ್ದರು, ಮರಾಠಿಯಲ್ಲಿ ಹಾಡುತ್ತಿದ್ದರು. ಗಂಟೆ ಹೊಡೆದು ಒಳಗೆ ಕೂತರೆ ಪಾಠವೆಲ್ಲ ಉರ್ದುವಿನಲ್ಲಿ. ಗಣಿತ, ಭೂಗೋಳ, ಚರಿತ್ರೆ ಯಾವುದೂ ಅವಳಿಗೆ ತಿಳಿಯಲಿಲ್ಲ. ಕಡೆಗೆ ದೊರೆಸಾನಿ ಅವಳನ್ನು ದಿನಕ್ಕೆ ಒಂದು ತಾಸು ಒಂದನೆಯ ಇಯತ್ತೆಯ ಮಕ್ಕಳ ಜೊತೆ ಕೂರಿಸಿದಳು. ಸುಸನ್ನಾ ಮೊಣಕಾಲು ಮಡಚಿ, ಪಾಟಿ ಹಿಡಿದು ಉರ್ದುವಿನ ಅಲಿಫ್, ಬೇ ಬರೆದಳು. ಕೈ ತಾನಾಗಿ ಎಡದಿಂದ ಬಲಕ್ಕೆ ಓಡುತ್ತಿತ್ತು. ಪಕ್ಕದ ಪುಟ್ಟ ಹುಡುಗಿ ಅವಳ ಮುಂಗೈ ಹಿಡಿದು ಪಾಟಿಯ ಬಲ ಅಂಚಿಗೆ ಎಳೆದು, ಅಲ್ಲಿಂದ ಎಡಕ್ಕೆ ಓಡಿಸುತ್ತಿದ್ದಳು.

ಗೊಂದಲ ಸಾಲಿಯಲ್ಲೇ ಮುಗಿಯುತ್ತಿರಲಿಲ್ಲ. ಧಾರವಾಡದಿಂದ ತಂದಿದ್ದ ಟಪಾಲ ತಿಕೀಟು ಇಲ್ಲಿ ಬರೀ ಬಣ್ಣದ ಕಾಗದ. ಮಿಶನ್ನಿನ ಸಾಲಿಗೆ ಭಾನುವಾರ ಸುಟ್ಟಿ, ಸರಕಾರದ ಸಾಲಿಗೆ ಶುಕ್ರವಾರ. ಸಂತೆಯಲ್ಲಿ ತರಕಾರಿಯವಳು ಅವಳ ಮಾತು ಕೇಳಿ, ಅತ್ತಿತ್ತ ನೋಡಿ, "ನಿಮ್ಮ ಮಂದಿ ಯಾವಾಗ ಬರ್ಲತ್ತಾರ್ರೀ?" ಎಂದು ಪಿಸುಗುಟ್ಟಿದಳು. ತನ್ನ ಮಂದಿ ಎಂದರೆ ಅವ್ವ, ಅಪ್ಪ ಎಂದು ತಿಳಿದ ಸುಸನ್ನಾ, "ಯಾರೂ ಬರೂದಿಲ್ರಿ, ನಾ ಒಬ್ಬಾಕೀನ ಬಂದೇನಿ," ಎಂದಳು. ಮನೆಗೆ ಬರುವ ದಾರಿಯಲ್ಲಿ, ಖಾಕಿ ತೊಟ್ಟು ಕತ್ತಿ ಹಿಡಿದು ನಿಜಾಮರ ಪರ ಕವಾಯತು ಮಾಡುತ್ತಿದ್ದ ಗುಂಪೊಂದು ಎದುರಾದಾಗ, ತರಕಾರಿಯವಳು ಕೇಳಿದ್ದು ಇಂಡಿಯಾದ ಫೌಜಿನ ಮಾತು ಎಂದು ಹೊಳೆದು ಸರಸರನೆ ನಡೆದಳು.

ಆಗಸ್ಟಿನಲ್ಲಿ ಅವಳನ್ನು ಪಾಠ ಹೇಳುವ ರೂಢಿಗಾಗಿ ಭಾಲ್ಕಿಯ ಹೆಣ್ಣುಮಕ್ಕಳ ಸರಕಾರಿ ಸಾಲಿಗೆ ಕಳಿಸಿದರು. ಅಲ್ಲಿಯ ಹೆಡ್ ಉಸ್ತಾನಿ, ಮುಖ್ಯ ಶಿಕ್ಷಕಿ, ಮಹಮೂದಾ ಬೇಗಂ ಹಿಂದೆ ಬೀದರಿನಲ್ಲಿದ್ದವರು, ಎಸ್ತರಳಿಗೆ ಉರ್ದು ಕಲಿಸಿದವರು. ಎಲ್ಲರೂ ಅವರನ್ನು ಆಪಾ, ಅಂದರೆ ಅಕ್ಕ, ಅನ್ನುತ್ತಿದ್ದರು. "ಎಸ್ತರ ಹೋದಳು, ನೀ ಬಂದಿ. ಇಲ್ಲೇ ನಮ್ಮನ್ಯಾಗ ಇರು," ಎಂದು ಜಾಗ ಕೊಟ್ಟರು. ಗಂಡ ಅಬ್ದುಲ ವಾಹೀದ ತಹಶೀಲ ಕಚೇರಿಯಲ್ಲಿ ಕಾರಕೂನ. ಮೆತ್ತಗಿನ ಮನುಷ್ಯ. ಮನೆಗೆ ಬರುವಾಗ ಬಾಗಿಲ ಹೊರಗೆ ಕೆಮ್ಮಿ, ಸುಸನ್ನಾ ಸೆರಗು ಸರಿಮಾಡಿಕೊಳ್ಳುವಷ್ಟು ಹೊತ್ತು ನಿಂತೇ ಒಳಗೆ ಬರುತ್ತಿದ್ದರು.

ಸುಸನ್ನಾ ತಪ್ಪುತಪ್ಪು ಉರ್ದುವಿನಲ್ಲಿ ಮಗ್ಗಿ ಹೇಳಿಕೊಟ್ಟಳು. ಮಕ್ಕಳು ನಕ್ಕರು. ಆಪಾ ಗೋಡೆಗೆ ಆತು ನಿಂತು, "ನಗಲಿ ಬಿಡು. ನಗೋ ಮಕ್ಕಳು ಮರೆಯೂದಿಲ್ಲ," ಎಂದರು. ಆ ಮನೆಯಲ್ಲಿ ಸುಸನ್ನಾ ಸುಖವಾಗಿದ್ದಳು. ಅದೇ ಅವಳನ್ನು ಇನ್ನಷ್ಟು ಗೊಂದಲಕ್ಕೆ ಹಾಕಿತು. ಹಳ್ಳಿಗಳಿಂದ ಬರುವ ಸುದ್ದಿ ಒಂದಕ್ಕಿಂತ ಒಂದು ಕೆಟ್ಟದಾಗಿತ್ತು. ಖಾಕಿಯವರು ಬಂದು ಹೋದ ಕಡೆ ಮನೆ ಸುಟ್ಟಿದ್ದವು, ಗಂಡಸರು ಸತ್ತಿದ್ದರು. ಆ ಸುದ್ದಿ ಕೇಳಿ ಬಂದು ಅವಳು ಕೂರುತ್ತಿದ್ದದ್ದು ಆಪಾ ಬಡಿಸಿದ ತಾಟಿನ ಮುಂದೆ. ಯಾರ ಮೇಲೆ ಸಿಟ್ಟು ಮಾಡಬೇಕು ಎಂಬುದು ಅವಳಿಗೆ ತಿಳಿಯುತ್ತಿರಲಿಲ್ಲ.

ಸೆಪ್ಟೆಂಬರಿನ ಒಂದು ಸೋಮವಾರ ಸಾಲಿಯ ಮೇಲೆ ವಿಮಾನ ಹಾದುಹೋದವು. ಬೀದರಿನ ದಿಕ್ಕಿನಿಂದ ಗುಡುಗಿನಂಥ ಸದ್ದು ಕೇಳಿತು. ಮಕ್ಕಳನ್ನು ಮನೆಗೆ ಕಳಿಸಿ ಬಾಗಿಲು ಹಾಕಿದರು. ವಾಹೀದರು ಅದಕ್ಕೂ ಮೊದಲೇ ಕಚೇರಿಯ ಕೆಲಸಕ್ಕೆಂದು ಔರಾದಿಗೆ ಹೋಗಿದ್ದರು. ಆ ವಾರದಲ್ಲೇ ನಿಜಾಮರ ರಾಜ್ಯ ಮುಗಿಯಿತು, ಇಂಡಿಯಾದ ಫೌಜು ಬಂತು. ಬೀದಿಯಲ್ಲಿ ಜನ ಸಕ್ಕರೆ ಹಂಚಿದರು. ಮಾರನೆಯ ದಿನದಿಂದ ಬೇರೆ ಥರದ ಗುಂಪುಗಳು ಹೊರಟವು. ಈಗ ಬೆಂಕಿ ಬಿದ್ದದ್ದು ಮುಸಲ್ಮಾನರ ಅಂಗಡಿಗಳಿಗೆ. ಸುಸನ್ನಾ ಆಪಾರಿಗೆ ತನ್ನ ಸೀರೆ ಉಡಿಸಿ, ಹಿತ್ತಲ ದಾರಿಯಿಂದ ಚರ್ಚಿನ ಉಪದೇಶಿಗಳ ಮನೆಗೆ ಕರೆದುಕೊಂಡು ಹೋದಳು. ಔರಾದಿನಿಂದ ಯಾವ ಸುದ್ದಿಯೂ ಇರಲಿಲ್ಲ.

ಗಿಡಿಯೋನ ಮಾಸ್ತರರು ಬೀದರಿನಿಂದ ಸೈಕಲ್ ಮೇಲೆ ಅವಳನ್ನು ಹುಡುಕಿಕೊಂಡು ಬಂದರು. "ನಡಿಯವ್ವ, ನಿನ್ನ ನಿಮ್ಮೂರಿಗಿ ಮುಟ್ಟಿಸ್ತೀನಿ," ಎಂದರು.

ಆಪಾ ಸುಸನ್ನಾಳ ಎರಡೂ ಕೈ ಹಿಡಿದುಕೊಂಡರು. "ನೀ ಹಿಂದೂಸ್ತಾನದಾಕಿ. ಈಗ ಬಂದಾರಲ್ಲ, ಅವರು ನಿನ್ನ ಸರಕಾರದವರು. ನಮ್ಮವರು ಎಲ್ಲಿ ಅಂತ ಅವರಿಗಿ ಕೇಳು ಬೇಟಾ. ನನ್ನ ಮಾತು ಯಾರು ಕೇಳ್ತಾರ?"

ಸುಸನ್ನಾ ಹುಟ್ಟಿದಾಗಿನಿಂದ ಒಬ್ಬ ಪೋಲೀಸನ ಜೊತೆಗೂ ಮಾತಾಡಿದವಳಲ್ಲ. ಯಾವ ಸರಕಾರವೂ ತನ್ನದು ಎಂದು ಅವಳಿಗೆ ಅನಿಸಿರಲಿಲ್ಲ. ಆದರೂ ಮಾಸ್ತರರ ಜೊತೆ ಫೌಜಿನವರು ಇಳಿದ ಕಡೆಗೆ ಹೋದಳು. ದೊಡ್ಡ ಮೀಸೆಯ ಸುಬೇದಾರನೊಬ್ಬ ಖುರ್ಚಿಯಲ್ಲಿ ಕೂತಿದ್ದ. ಕನ್ನಡ ಅವನಿಗೆ ಬಾರದು, ಇಂಗ್ಲೀಷಿನಲ್ಲಿ ಮಾತಾಡಲು ಅವಳಿಗೆ ಬಾಯಿ ಏಳಲಿಲ್ಲ. ಕಡೆಗೆ ಒಂದನೆಯ ಇಯತ್ತೆಯಲ್ಲಿ ಕಲಿತ ಉರ್ದುವಿನಲ್ಲೇ ಎಲ್ಲ ಹೇಳಿದಳು.

"ಇಂಡಿಯಾದವಳು ಅನ್ನುತ್ತೀ, ಮಾತು ಇವರದ್ದು ಆಡುತ್ತೀ. ನೀನು ಯಾರ ಪೈಕಿ?" ಎಂದು ಅವನು ಕೇಳಿದ.

"ನಾನು ಸಾಲಿ ಕಲಿಯಲಿಕ್ಕೆ ಬಂದವಳು," ಎಂದಳು. ಸುಬೇದಾರ ಅವಳನ್ನೂ ಮಾಸ್ತರರನ್ನೂ ಒಂದು ಗಳಿಗೆ ನೋಡಿ, ಔರಾದಿನ ಕಡೆ ಹೊರಟಿದ್ದ ಲಾರಿಯಲ್ಲಿ ಜಾಗ ಕೊಡಿಸಿದ.

ಹೊರಡುವಾಗ ಆಪಾ ಅವಳ ಕಿವಿಯಲ್ಲಿ ಹೇಳಿದರು: "ಅವರ ಎಡಗಿವಿ ಹಿಂದ ಒಂದು ಮಚ್ಚಿ ಅದ." ಅದನ್ನು ಯಾಕೆ ಹೇಳಿದರೆಂದು ಸುಸನ್ನಾಳಿಗೆ ಅರ್ಥವಾದದ್ದು ದಾರಿಯಲ್ಲಿ, ಹಾಳುಬಾವಿಯೊಂದರ ಸುತ್ತ ಹದ್ದು ಸುತ್ತುವುದನ್ನು ಕಂಡಾಗ. ಮಾಸ್ತರರು ಅವಳ ತಲೆಯನ್ನು ಆಚೆ ತಿರುಗಿಸಿದರು.

ಔರಾದಿನಲ್ಲಿ ಕಚೇರಿಗೆ ಬೀಗ ಬಿದ್ದಿತ್ತು. ಕಾರಕೂನ ವಾಹೀದರು ಎಂದರೆ ಸಾಕು, ಜನ ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ಬಾವಿಯ ಹತ್ತಿರ ನೀರು ಸೇದುತ್ತಿದ್ದ ಹೆಂಗಸೊಬ್ಬಳು ಮಾತ್ರ ಸುಸನ್ನಾಳನ್ನು ಮೇಲಿನಿಂದ ಕೆಳಗೆ ನೋಡಿದಳು.

"ನೀ ಯಾವ ಕಡೀನಾಕಿ? ಮಾತ ಬ್ಯಾರೇ ಅದ ನಿಂದು."

"ಧಾರವಾಡದ ಕಡೀನಾಕಿರಿ. ಅವರ ಮನ್ಯಾಗ ಉಂಡೇನ್ರಿ. ಅವರ ಹೆಂಡ್ತಿ ದಾರಿ ನೋಡಾಕತ್ತಾರ."

ಹೆಂಗಸು ಕೊಡ ಹೊತ್ತು ನಡೆದಳು. ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅವರಿಬ್ಬರೂ ಹಿಂದೆ ಹೋದರು. ಅವಳು ಪುತಳಾಬಾಯಿ. ಊರ ಹೊರಗೆ ಅವಳ ಗಂಡ ಧೊಂಡಿಬಾನ ಕುರಿಹಟ್ಟಿ ಇತ್ತು. ಹಟ್ಟಿಯ ಮೂಲೆಯಲ್ಲಿ, ಮೇವಿನ ಬಣಬೆಯ ಹಿಂದೆ, ಕಂಬಳಿ ಹೊದ್ದು ಕೂತಿದ್ದರು ವಾಹೀದ. ಗಡ್ಡ ಕೆದರಿತ್ತು. ಸುಸನ್ನಾಳನ್ನು ಕಂಡು ಗೋಡೆ ಹಿಡಿದು ಎದ್ದು ನಿಂತರು.

ಧೊಂಡಿಬಾ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಮಾಸ್ತರರು ಅವನಿಗೆ ಕೈಮುಗಿದು, "ನೀವು ಪುಣ್ಯದ ಕೆಲಸ ಮಾಡೀರಿ," ಎಂದರು.

"ಪುಣ್ಯದ ಮಾತ ಆಡಬ್ಯಾಡ್ರಿ ಮಾಸ್ತರ," ಎಂದ ಧೊಂಡಿಬಾ. "ಬ್ಯಾಸಗ್ಯಾಗ ಖಾಕಿಯವ್ರು ಬಂದು ನನ್ನ ತಮ್ಮಗ ಹೊಡದು ಹಾಕ್ಯಾರ. ಈ ಮನಷ್ಯಾ ಓಡಿ ಬಂದು ಹಟ್ಟ್ಯಾಗ ಬಿದ್ದಾಗ ನಾ ಕೊಡ್ಲಿ ತಗೊಂಡೇ ಎದ್ದಿದ್ದೆ. ಕುರಿ ಬೆದರಿ ಒದರ್ಲತ್ತಿದ್ವು. ಅವಕ್ಕ ಸುಮ್ಮ ಮಾಡ್ಲಿಕ್ಕ ಹೋದೆ. ಅಷ್ಟರಾಗ ಮಂದಿ ಬಂದು ಕೇಳಿದ್ರು. ಇಲ್ಲ ಅಂದೆ. ಯಾಕ ಅಂದೆ ನನಗೇ ತಿಳೀವಲ್ದು. ಕರಕೊಂಡು ಹೋಗ್ರಿ. ನಾಳಿಗಿ ನನ್ನ ಮನಸು ಹ್ಯಾಂಗ ಇರ್ತದೋ."

ಪುತಳಾಬಾಯಿ ಒಳಗಿನಿಂದ ರೊಟ್ಟಿ ಕಟ್ಟಿ ತಂದುಕೊಟ್ಟಳು. ಫೌಜಿನ ಲಾರಿ ಮರಳುವಾಗ ವಾಹೀದರನ್ನು ಅದೇ ಕಂಬಳಿಯಲ್ಲಿ ಹತ್ತಿಸಿಕೊಂಡರು. ಭಾಲ್ಕಿ ಮುಟ್ಟಿದಾಗ ಆಪಾ ಅಳಲಿಲ್ಲ. ಗಂಡನ ಎಡಗಿವಿಯ ಹಿಂದೆ ಕೈಯಿಟ್ಟು ಹಾಗೆಯೇ ನಿಂತರು.

ಆಮೇಲೆ ಎಲ್ಲ ಬೇಗಬೇಗ ಬದಲಾಯಿತು. ಸುಸನ್ನಾ ಬೀದರಿಗೆ ಹಿಂತಿರುಗಿದಳು. ಪರದೇಶದಲ್ಲಿ ಕಲಿಯಲು ಬಂದವಳು ಕೂತಲ್ಲೇ ಸ್ವದೇಶದಲ್ಲಿದ್ದಳು. ಪಾಠ ಯಾವ ಭಾಷೆಯಲ್ಲಿ ಎಂದು ಸಾಲಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಬ್ಬ ಸಾಹೇಬರು ಬಂದು ಮರಾಠಿ ಎಂದರು, ಇನ್ನೊಬ್ಬರು ಬಂದು ಕನ್ನಡ ಎಂದರು. ಉರ್ದು ಓದುವುದು ಅವಳಿಗೆ ಆಗತಾನೇ ಸರಾಗವಾಗಿತ್ತು.

ನವೆಂಬರಿನ ಕೊನೆಗೆ ಎಸ್ತರ ಮನೆಗೆ ಬಂದಳು. ಊಟವಾದ ಮೇಲೆ ಇಬ್ಬರೂ ಹಿತ್ತಲಲ್ಲಿ ಕೂತರು. ಎಸ್ತರ, "ನಮ್ಮ ಕಡಿ ಯಾನೇನ್ ಆಯ್ತು, ಎಲ್ಲಾ ಹೇಳು," ಎಂದಳು. ಸುಸನ್ನಾ ವಿಮಾನದಿಂದ ಹಿಡಿದು ಕುರಿಹಟ್ಟಿಯವರೆಗೆ ಹೇಳಿದಳು. ಎಸ್ತರಳ ಮುಖ ಬಿಗಿಯುತ್ತ ಹೋಯಿತು.

"ನನ್ನ ಆಪಾಗ ನೀ ಸೀರಿ ಉಡಿಸ್ದಿ," ಎಂದಳು. "ನನ್ನ ಅಪ್ಪನ ಸಂಗಾಟ ನೀ ಔರಾದಿಗಿ ಹೋದಿ. ಬೀದರ ಬಿತ್ತು ಅಂತ ಆ ದಿನ ನಿಮ್ಮ ಸಾಲ್ಯಾಗ ನನ್ನ ಬಾಯಾಗ ಪೇಢೆ ಹಾಕಿದ್ರು. ಎಲ್ಲಾರೂ ಚಪ್ಪಾಳಿ ಹೊಡದ್ರು. ನಾನೂ ತಿಂದೆ. ಇಲ್ಲಿ ಹಿಂಗ ಆಗ್ಲತ್ತದ ಅಂತ ಯಾರೂ ಹೇಳಲಿಲ್ಲ. ಇದು ನನ್ನ ಊರು. ಇದೆಲ್ಲಾ ನಾ ನೋಡಬೇಕಿತ್ತು, ನೀ ಯಾಕ ನೋಡ್ದಿ?"

ಸುಸನ್ನಾಳಿಗೆ ಮೊದಲು ಸಿಟ್ಟು ಬಂತು. ಇಂಥದ್ದನ್ನು ನೋಡಬೇಕೆಂದು ಯಾರಾದರೂ ಬಯಸುತ್ತಾರೆಯೇ? ಆಮೇಲೆ, ತಾನಿದ್ದ ಜಾಗ ನಿಜವಾಗಿಯೂ ಎಸ್ತರಳದೇ ಅನಿಸಿತು. ಕ್ಷಮೆ ಕೇಳಬೇಕೋ ಬೇಡವೋ ಗೊತ್ತಾಗದೆ, "ನಾಳೆ ಭಾಲ್ಕಿಗೆ ಹೋಗೂಣೇನು?" ಎಂದಳು.

ಮರುದಿನ ರೈಲಿನಲ್ಲಿ ಹೋದರು. ಸ್ಟೇಷನ್ನಿನಿಂದ ಯಾವ ಬೀದಿ ಹಿಡಿಯಬೇಕು, ಯಾವುದು ಈಗ ಸುಟ್ಟು ಮುಚ್ಚಿದೆ ಎಂದು ಸುಸನ್ನಾಳೇ ತೋರಿಸಬೇಕಾಯಿತು. ಎಸ್ತರ ತನ್ನದೇ ಸೀಮೆಯಲ್ಲಿ ಹೊರಗಿನಿಂದ ಬಂದ ಪಾಹುಣೆಯಂತೆ ಅವಳ ಹಿಂದೆ ನಡೆದಳು. ಆಪಾ ಬಾಗಿಲು ತೆರೆದವರೇ ಎಸ್ತರಳನ್ನು ತಬ್ಬಿಕೊಂಡರು. ಇಬ್ಬರೂ ಬಹಳ ಹೊತ್ತು ಅತ್ತರು. ಸುಸನ್ನಾ ಚಪ್ಪಲಿ ಬಿಟ್ಟ ಕಡೆಯಲ್ಲೇ ನಿಂತಿದ್ದಳು. ಒಳಗೆ ಬರಬೇಕೋ ಹೊರಗೆ ಹೋಗಬೇಕೋ ತಿಳಿಯಲಿಲ್ಲ. ಆಪಾ ಅಳುತ್ತಲೇ ಒಂದು ಕೈ ಚಾಚಿ ಅವಳ ಸೆರಗು ಹಿಡಿದು ಒಳಗೆ ಎಳೆದುಕೊಂಡರು.

ಮನೆಯಲ್ಲಿ ಅರ್ಧ ಸಾಮಾನು ಗಂಟು ಕಟ್ಟಿತ್ತು, ಅರ್ಧ ಹಾಗೆಯೇ ಇತ್ತು. "ಅವರು ಹೈದರಾಬಾದಿಗಿ ಹೋಗೂಣ ಅಂತಾರ, ನಾ ಬ್ಯಾಡ ಅಂತೀನಿ. ಮರುದಿನ ನಾ ಹೋಗೂಣ ಅಂತೀನಿ, ಅವರು ಬ್ಯಾಡ ಅಂತಾರ," ಎಂದರು ಆಪಾ. ವಾಹೀದರು ಔರಾದಿನಿಂದ ಬಂದ ಮೇಲೆ ಕೋಣೆ ಬಿಟ್ಟು ಹೊರಗೆ ಬರುತ್ತಿರಲಿಲ್ಲವಂತೆ. ಹುಡುಗಿಯರ ದನಿ ಕೇಳಿಯೋ ಏನೋ, ಆ ದಿನ ಬಾಗಿಲ ಹಿಂದೆ ಕೆಮ್ಮಿದರು. ಸ್ವಲ್ಪ ನಿಂತು ಅಂಗಳಕ್ಕೆ ಬಂದರು.

"ಎಸ್ತರ ಬೇಟಾ, ಧಾರವಾಡದ ಕಚೇರ್ಯಾಗ ಯಾವ ಭಾಷಾದಾಗ ಬರೀತಾರ?" ಎಂದು ಕೇಳಿದರು.

"ಕನ್ನಡ, ಇಂಗ್ಲೀಷು ಎರಡೂ ನಡೀತಾವರಿ."

ಅವರು ಸುಸನ್ನಾಳ ಕಡೆ ತಿರುಗಿದರು. "ನಿನಗ ಉರ್ದು ಬರಲಿಕ್ಕ ಎಷ್ಟು ದಿನ ಹತ್ತಿತು?"

"ಇನ್ನೂ ಪೂರಾ ಬಂದಿಲ್ರಿ," ಎಂದಳು ಸುಸನ್ನಾ. "ಆದರ ಸುಬೇದಾರಗ ತಿಳೀತ್ರಿ."

ವಾಹೀದರು ನಕ್ಕರೋ ಇಲ್ಲವೋ, ಗಡ್ಡದೊಳಗೆ ಕಾಣಲಿಲ್ಲ. ಆಪಾ ಚಹಾಕ್ಕಿಡಲು ಎದ್ದರು.

ಮುಂದಿನ ವಾರ ಸುಸನ್ನಾ ಧಾರವಾಡಕ್ಕೆ ಮರಳಿದಳು. ಪರದೇಶದ ಅನುಭವ ಹೇಳು ಎಂದು ಸಾಲಿಯಲ್ಲಿ ಎಲ್ಲರೆದುರು ನಿಲ್ಲಿಸಿದರು. ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಪಾಟಿಯ ಮೇಲೆ ಕೈ ಹೇಗೆ ಓಡಿಸಬೇಕು ಎಂಬುದನ್ನಷ್ಟೇ ಹೇಳಿ ಕೂತಳು. ಆಪಾ ಮತ್ತು ವಾಹೀದ ಬೇಸಗೆಯವರೆಗೆ ಭಾಲ್ಕಿಯಲ್ಲೇ ಇದ್ದು, ಆಮೇಲೆ ಹೈದರಾಬಾದಿಗೆ ಹೋದರೆಂದು ಎಸ್ತರ ಬರೆದು ತಿಳಿಸಿದಳು. ಹೋಗುವ ಮೊದಲು ವಾಹೀದರು ಅವಳ ಹತ್ತಿರ ಕನ್ನಡದ ಅಕ್ಷರ ಅರ್ಧದವರೆಗೆ ಕಲಿತಿದ್ದರಂತೆ. ಭಾಲ್ಕಿಯ ಆ ಸಾಲಿಯಲ್ಲಿ ಈಗ ಎಸ್ತರಳೇ ಶಿಕ್ಷಕಿ.