ನಿಂತ ಟೇಪು

ಪ್ರಯೋಗಾಲಯದ ಮೇಲಿನ ಕಾಫಿ ಕೋಣೆಯಲ್ಲಿ ಗೆಲುವಿನ ಕೇಕ್ ಕತ್ತರಿಸುತ್ತಿದ್ದರು. ಯಂತ್ರದ ಕಿರಣವನ್ನು ನಿಲ್ಲಿಸಿ, ಒಳಗೆ ಹೋದರೆ ಅಪಾಯವಿಲ್ಲ ಎನ್ನುವಷ್ಟು ಹೊತ್ತಾಗಿದ್ದರಿಂದ ಸಂಶೋಧಕ ವೇಸಾ ಕೆಳಗಿಳಿದು, ದಪ್ಪ ಕಾಂಕ್ರೀಟ್ ಬಾಗಿಲು ದಾಟಿ, ಯಂತ್ರದ ಕೊನೆಯ ತುದಿಗೆ ಬಂದ. ಅಲ್ಲಿ ಏನೋ ಕಡಿಮೆಯಿದೆ ಅನ್ನಿಸಿತು. ಆಮೇಲೆ ಹೊಳೆಯಿತು: ಟೇಪಿನ ಚಕ್ರದ ಟಿಕ್ ಟಿಕ್ ಇಲ್ಲ.

ಬೆಳಿಗ್ಗೆ ಜಾರಿದ್ದ ಟೇಪನ್ನು ಸರಿಯಾಗಿ ಕೂರಿಸಲೆಂದು ಚಕ್ರ ನಿಲ್ಲಿಸಿದವನು ಅವನೇ. ಮತ್ತೆ ಚಾಲೂ ಮಾಡಿರಲಿಲ್ಲ.

ಈ ಯಂತ್ರದಲ್ಲಿ ಅವರು ಹುಟ್ಟಿಸುವ ಪರಮಾಣು ಬೀಜಗಳು ಕಣ್ಣು ಮಿಟುಕಿಸುವುದರೊಳಗೆ ಸಾಯುವಂಥವು. ಕಿರಣವಾಗಿ ಹಾರಿಬಂದು ಟೇಪಿನ ಮೇಲೆ ಕೂತು, ಅಲ್ಲೇ ಒಡೆದು ಬೇರೊಂದಾಗುತ್ತವೆ. ಆ ಮರಿಗಳಿಗೆ ಆಯುಷ್ಯ ಹೆಚ್ಚು. ಟೇಪು ಓಡುತ್ತಿದ್ದರೆ ಅವನ್ನು ಆಚೆ ಒಯ್ಯುತ್ತದೆ. ನಿಂತರೆ ಅಲ್ಲೇ ಗುಡ್ಡೆಬಿದ್ದು ಮಿನುಗುತ್ತವೆ, ತಾಯಿಯೇ ಇನ್ನೂ ಬದುಕಿದ್ದಾಳೆ ಎಂಬಂತೆ.

ಇವತ್ತು ಪರದೆಯ ಮೇಲೆ ಎಲ್ಲರೂ ಕಂಡು ಸಂಭ್ರಮಿಸಿದ್ದು ಆ ಮರಿಗಳ ಮಿನುಗನ್ನಷ್ಟೇ. ಈ ಬೀಜ ಎಲ್ಲರ ಲೆಕ್ಕಕ್ಕಿಂತ ಹೆಚ್ಚು ಬಾಳುತ್ತದೆಂದು ಪ್ರೊಫೆಸರ್ ಔಲಿಸ್ ಹಿಂದೆ ವಾದಿಸಿ, ತುಂಬಿದ ಸಭೆಯಲ್ಲಿ ನಗೆಪಾಟಲಾಗಿದ್ದರು. ನಿವೃತ್ತರಾಗಿ ಮನೆಯಲ್ಲಿದ್ದ ಆ ಮುದುಕರಿಗೆ ಫೋನ್ ಮಾಡಿ, "ನೀವೇ ಗೆದ್ರಿ" ಎಂದು ಕರೆಸಿದವನೂ ವೇಸಾನೇ.

ಅವನು ಗುಂಡಿ ತಿರುಗಿಸಿದ. ಟಿಕ್ ಟಿಕ್. ಹೀಗೇ ಬಿಟ್ಟುಹೋದರೆ ಯಾರಿಗೂ ತಿಳಿಯುವುದಿಲ್ಲ. ಆ ಯೋಚನೆ ಬಂದದ್ದಕ್ಕೇ ಮುಖ ಬಿಸಿಯಾಯಿತು.

ಪ್ರಯೋಗ ಮುಗಿದರೆ ಎಲ್ಲರೂ ಸರೋವರದ ದಡದ ಸೌನಾಕ್ಕೆ, ಹಬೆಸ್ನಾನಕ್ಕೆ, ಹೋಗುವುದು ವಾಡಿಕೆ. ಹಬೆಯ ಕೋಣೆಯ ಮರದ ಮೆಟ್ಟಿಲ ಮೇಲೆ ಮೂವರು ಗಂಡಸರು ಬೆತ್ತಲೆ ಕೂತಿದ್ದರು. ಅದಕ್ಕೆ ಅಲ್ಲಿ ಯಾರೂ ನಾಚುವುದಿಲ್ಲ.

"ನಗೋ ಮಾರಾಯ," ಅಂದ ಯಂತ್ರ ನಡೆಸುವ ರೈಮೊ. "ನಿನ್ನ ಮುಖ ಕೇಕ್ ತಿಂದೋನ ಥರ ಇಲ್ಲ, ಕೇಕ್ ಕದ್ದೋನ ಥರ ಇದೆ. ಅಲ್ವಾ ಪ್ರೊಫೆಸರೇ?"

ಔಲಿಸ್ ಮುಗುಳ್ನಕ್ಕರು. ರೈಮೊ ಸರೋವರದ ನೀರಿಗೆ ಬಿದ್ದುಬರಲು ಓಡಿದ.

"ಆ ಟೇಪಿನ ಚಕ್ರ ಇನ್ನೂ ಹಂಗೇ ಸದ್ದು ಮಾಡುತ್ತಾ?" ಔಲಿಸ್ ಕೇಳಿದರು. "ನನ್ನ ಕಾಲದಲ್ಲಿ ನಾನೇ ಕೂರಿಸಿದ್ದು ಅದನ್ನ."

"ಇವತ್ತು ಮಾಡ್ಲಿಲ್ಲ." ವೇಸಾ ತನ್ನ ಮೊಣಕಾಲು ನೋಡುತ್ತಿದ್ದ. "ನಾನು ನಿಲ್ಲಿಸಿದ್ದೆ. ಶುರು ಮಾಡೋದು ಮರೆತೆ."

ಔಲಿಸ್ ಸೌಟಿನಲ್ಲಿ ನೀರೆತ್ತಿ ಕಾದ ಕಲ್ಲಿನ ಮೇಲೆ ಸುರಿದರು. ಚುಂಯ್ ಎಂದು ಹಬೆ ಎದ್ದಿತು.

"ಬೆಳಿಗ್ಗೆಯಿಂದಾನಾ?"

"ಹೂಂ."

"ಹಂಗಾದ್ರೆ ನಾವು ನೋಡಿದ್ದೆಲ್ಲ ಮರಿಗಳನ್ನೇ."

"ನಾಳೆ ಎಲ್ಲರ ಮುಂದೆ ಹೇಳ್ತೀನಿ. ನಿಮ್ಮನ್ನ ಕರೆಸಬಾರದಿತ್ತು ನಾನು."

ಔಲಿಸ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಗೆದ್ದೆ ಅಂತ ಮನೇಲಿ ಐಲಿಗೆ ಫೋನ್ ಮಾಡಿಬಿಟ್ಟಿದ್ದೀನಲ್ಲ," ಎಂದಷ್ಟೇ ಅಂದರು.

ವೇಸಾ ಅವರನ್ನು ಕಾರಿನಲ್ಲಿ ಮನೆಗೆ ಬಿಟ್ಟ. ಹೆಂಡತಿ ಐಲಿಗೆಂದು ಕಟ್ಟಿಸಿಕೊಂಡ ಕೇಕಿನ ಡಬ್ಬಿ ಔಲಿಸರ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಅದರ ದಾರವನ್ನು ಬಿಚ್ಚಿ ಕಟ್ಟುತ್ತಿದ್ದರು. ಗೇಟಿನ ಬಳಿ ಹೇಳಿದರು: "ನಾಳೆ ಅವಳಿಗೆ ನಾನೇ ಹೇಳ್ತೀನಿ. ಇವತ್ತು ನೀನು ಒಳಗೆ ಬಂದು ಕಾಫಿ ಕುಡಿ. ಬರದಿದ್ರೆ ಅವಳಿಗೆ ಅನುಮಾನ ಬರುತ್ತೆ."

ಐಲಿ ಒಳ್ಳೆಯ ಉಡುಪು ತೊಟ್ಟು ಬಾಗಿಲಲ್ಲೇ ನಿಂತಿದ್ದರು. ವೇಸಾನ ಎರಡೂ ಕೈ ಹಿಡಿದುಕೊಂಡರು.

"ಆ ಸಭೆಯಿಂದ ಬಂದಾಗಿನಿಂದ ಈ ಮನುಷ್ಯ ಕಿಟಕಿ ಕಡೆ ಮುಖ ಮಾಡಿ ಊಟ ಮಾಡ್ತಾನೆ ಕಣಪ್ಪ. ಗೋಡೇನ ಮದುವೆ ಆಗಿದ್ರೂ ಇಷ್ಟೇ ಮಾತು ಸಿಗ್ತಿತ್ತು ನಂಗೆ. ನೀನು ದೊಡ್ಡ ಉಪಕಾರ ಮಾಡ್ದೆ."

ವೇಸಾನ ಕೈ ಬೆವತದ್ದು ಅವರಿಗೆ ತಿಳಿದಿರಬೇಕು; ಇನ್ನಷ್ಟು ಬಿಗಿಯಾಗಿ ಹಿಡಿದರು.

ಐಲಿ ಕಾಫಿ ಬಗ್ಗಿಸಿದರು. ಔಲಿಸ್ ಕಿಟಕಿಯತ್ತ ಇದ್ದ ತಮ್ಮ ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿ, ಸದ್ದಾಗದಂತೆ, ಹೆಂಡತಿಯ ಕಡೆಗೆ ತಿರುಗಿಸಿಟ್ಟು ಕೂತರು. ವೇಸಾ ತಟ್ಟೆಯಿಂದ ತಲೆ ಎತ್ತಲಿಲ್ಲ. ಕೇಕಿನ ಎರಡನೇ ತುಂಡನ್ನೂ ಬೇಡ ಎನ್ನಲಿಲ್ಲ.