ಹುನಗುಂದದ ಏಳು ನಿಮಿಷ

ನಿನಗ ಹೇಳದ ಇನ್ನೊಮ್ಮೆ ಅದನ್ನ ಮುಟ್ಟಂಗಿಲ್ಲ, ಯಾರಿಗೂ ಮುಟ್ಟಾಕ ಬಿಡಂಗಿಲ್ಲ ಎಂದು ಏಳು ವರ್ಷದ ಹಿಂದೆ ಹೆಂಡತಿ ಸುನಂದಾಳಿಗೆ ಕೊಟ್ಟ ಮಾತು, ಇಳಕಲ್ಲಿನಿಂದ ಬಾಗಲಕೋಟೆಗೆ ಹೊರಟ ಬಸ್ಸಿನ ಕಿಟಕಿಯ ಗಾಜು ಗಡಗಡಿಸಿದಾಗಲೆಲ್ಲ ಶಿವಪುತ್ರನ ಕಿವಿಯ ಹತ್ತಿರ ಬಂದು ಹೋಗುತ್ತಿತ್ತು, ಗಾಜಿಗೆ ಹಣೆ ಹಚ್ಚಿದರೆ ತಲೆಯೊಳಗೂ ಅದೇ ನಡುಕ, ಹೊರಗೆ ಕೆಂಪು ಕಲ್ಲಿನ ಚಪ್ಪಡಿಗಳ ಮೇಲೆ ಮಧ್ಯಾಹ್ನದ ಬಿಸಿಲು ನೀರಿನಂತೆ ನಿಂತಿದೆ, ಮೂರು ದಿನದಿಂದ ಮಗಳು ಪ್ರೀತಿಗೆ ಜ್ವರ, ಪಾಳಿ ಹಚ್ಚಿ ಎದ್ದು ಕೂತು ಕಣ್ಣಿನ ರೆಪ್ಪೆಯೇ ತನ್ನದಲ್ಲ ಅನ್ನಿಸುವಷ್ಟು ಭಾರ — ಆ ಮಾತು ಕೊಟ್ಟ ದಿನವೂ ಹೀಗೇ ಬಿಸಿಲಿತ್ತು, ಬಾಗಲಕೋಟೆಯ ದೊಡ್ಡ ದವಾಖಾನೆಯಲ್ಲಿ ಕೂತು, ದವಾಖಾನೆಗಳ ನೆಟ್‌ವರ್ಕ್ ನೋಡಿಕೊಳ್ಳುವ ಅವನು ವೈ-ಫೈ ಕಂಟ್ರೋಲರನ್ನು ಒಮ್ಮೆ ಆರಿಸಿ ಹಚ್ಚಿದ್ದ, ಅಷ್ಟೇ, ಆ ಕಬ್ಬಿಣದ ಪೆಟ್ಟಿಗೆ ಹೇಳಿದಂತೆ ನಾಲ್ಕೂ ಊರಿನ ದವಾಖಾನೆಗಳ ಛಾವಣಿಯಲ್ಲಿ ವೈ-ಫೈ ಹರಡುವ ಬಿಳಿ ತಟ್ಟೆಗಳು ನಡೆಯುತ್ತಿದ್ದವು, ಇಳಕಲ್ಲು, ಹುನಗುಂದ, ಬಾದಾಮಿ, ಎಲ್ಲ ಕಡೆ ಅವು ಕಣ್ಣು ಮುಚ್ಚಿದವು, ಹುನಗುಂದದಲ್ಲಿ ಸುನಂದಾ ಒಬ್ಬಳೇ ನರ್ಸು, ಆರು ಎಳೆಗೂಸು, ಆರರ ಉಸಿರನ್ನೂ ವೈ-ಫೈ ಮೂಲಕ ತೋರಿಸುವ ಮೇಜಿನ ಪರದೆ ಕಪ್ಪಾಗಿ, ತೊಟ್ಟಿಲಿನಿಂದ ತೊಟ್ಟಿಲಿಗೆ ಓಡಿ, ಒಂದೊಂದು ಕೂಸಿನ ಎದೆಯ ಮೇಲೂ ಅಂಗೈ ಇಟ್ಟು, ಇದೆ, ಇದೆ ಎಂದು ಲೆಕ್ಕ ಹಾಕಿದಳಂತೆ, ಹನ್ನೊಂದು ನಿಮಿಷ, ಮನೆಗೆ ಬಂದ ಮೇಲೂ ಆ ಅಂಗೈಯನ್ನು ತೆರೆದೇ ಹಿಡಿದುಕೊಂಡಿದ್ದಳು, ನಿಮಗ ಅದು ಪೆಟ್ಟಿಗಿರೀ, ಅಂದಳು, ಮೊದಲs ಹೇಳಿದ್ರ ಮತ್ತೊಬ್ಬಾಕಿನ್ನ ಕರಕೊಂಡು ಕೂಡ್ತಿದ್ದೆ.

ಈಗ ಆ ಪೆಟ್ಟಿಗೆಗೆ ವಯಸ್ಸಾಗಿದೆ, ಹೊಸದಕ್ಕೆ ಮೈಯೇ ಇಲ್ಲ, ದೊಡ್ಡ ಸರ್ವರಿನ ನೆನಪಿನೊಳಗೆ ಒಂದು ಖೋಲಿ ಹಿಡಿದು ಬಾಡಿಗೆಗೆ ಇರುವ ಕಂಟ್ರೋಲರು, ಮುಟ್ಟಿದರೆ ಸಿಗದು, ಊದಿದರೆ ಧೂಳಿಲ್ಲ, ಕನಸಿನೊಳಗಿನ ಮನುಷ್ಯನಂತೆ ಕೆಲಸ ಮಾತ್ರ ಮಾಡುತ್ತದೆ, ಅದಕ್ಕೆ ಖೋಲಿ ಕೊಡುವ ಮಾಲೀಕ, ಅಂದರೆ ಸರ್ವರನ್ನು ಖೋಲಿಗಳಾಗಿ ಹಂಚುವ ತಂತ್ರಾಂಶ, ಯಾರಾಗಬೇಕು ಎನ್ನುವುದೇ ಒಂದು ತಿಂಗಳಿನಿಂದ ಅವನ ಮುಂದಿರುವ ಪ್ರಶ್ನೆ, ಎಲ್ಲರೂ ಬಳಸುವ ಹೆಸರಾಂತ ವಿಎಂವೇರೋ, ಸರ್ವರಿನ ವಿಂಡೋಸ್ ಜೊತೆಗೇ ಬಂದ ಹೈಪರ್-ವಿಯೋ, ಪುಕ್ಕಟೆ ಸಿಗುವ, ಯಾರ ಹಂಗೂ ಇಲ್ಲದ ಕೆವಿಎಮ್ಮೋ, ಮೂರರಲ್ಲೂ ಹಾಕಿ ನೋಡಿದ, ಮಾಲೀಕ ಮೊದಮೊದಲು ಬಾಗಿಲು ಬಿಗಿ ಮಾಡಿಯೇ ಇಡುತ್ತಾನೆ, ನಿನ್ನ ಹೆಸರಿಗೆ ಬಂದದ್ದನ್ನಷ್ಟೇ ಕೇಳು ಅನ್ನುತ್ತಾನೆ, ಕಂಟ್ರೋಲರಿಗೆ ಊರ ಮಂದಿಯ ಹೆಸರಿಗೆ ಬಂದದ್ದೂ ಕೇಳಬೇಕು, ಒಂದು ಕಡೆ ಆ ಅನುಮತಿ ಕೊಡಲು ಮರೆತು ಎರಡು ದಿನ ಹಾಳಾಯಿತು, ತಟ್ಟೆಗಳು ಕೂಗುತ್ತಿದ್ದವು, ಒಳಗಿನವನಿಗೆ ಕೇಳುತ್ತಿರಲಿಲ್ಲ — ಕೊನೆಗೆ ಕೆವಿಎಂ, ಯಾಕೆಂದರೆ ಅವನಿಗೆ ಅದರ ಒಳಹೊರಗು ಗೊತ್ತು, ಯಾಕೆಂದರೆ ಕಂಟ್ರೋಲರು ನಡೆಯುತ್ತಿರುವಾಗಲೇ ಅದನ್ನು ಒಂದು ಸರ್ವರಿನಿಂದ ಇನ್ನೊಂದಕ್ಕೆ ದಾಟಿಸಿದಾಗ, ಮಲಗಿದ ಮಗುವನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡಂತೆ, ಪರೀಕ್ಷೆಯ ಪರದೆ ರೆಪ್ಪೆ ಕೂಡ ಬಡಿಯಲಿಲ್ಲ, ಇನ್ನು ಮುಂದೆ ಯಾರೂ ಅಂಗೈ ಇಟ್ಟು ಓಡಬೇಕಿಲ್ಲ, ಆದರೆ ಹಳೆಯ ಪೆಟ್ಟಿಗೆಯಿಂದ ಹೊಸ ಖೋಲಿಗೆ ಬರುವ ಮೊದಲ ಸಲ ನಿಲ್ಲಲೇಬೇಕು, ಯಾವ ಮಾಲೀಕನಾದರೂ ಸರಿ, ಏಳು ನಿಮಿಷ, ಕಡಿಮೆ ಆಗದು. ಇವತ್ತು ಮೂರು ಗಂಟೆಗೆ. ಮೇಲಧಿಕಾರಿ ಈರಪ್ಪನವರು ಮುಂಜಾನೆ ಫೋನಿನಲ್ಲಿ, ಲೇ ಶಿವಪುತ್ರ, ಕೆವಿಎಂ ಅಂದ್ರ ಕೆವಿಎಂ, ನೀ ಬರೂದರಾಗ ನಾನs ಮುಗಸ್ತೇನಿ, ಹುನಗುಂದಕ್ಕ ಮಾತ್ರ ಬಾಯಿ ಬಿಡಬ್ಯಾಡ, ಆ ನಿನ್ನ ಹೆಂಡ್ತಿ ಕಿವಿಗೆ ಬಿತ್ತಂದ್ರ ಡಾಕ್ಟರಿಗೆ ಹೇಳ್ತಾಳ, ಡಾಕ್ಟರು ಇವತ್ತು ಬ್ಯಾಡ ಅಂತಾರ, ಮೂರು ಸಲ ಮುಂದ ಹೋಗೇತಿ, ಹಳೇದು ತಾನs ಸತ್ರ ಏಳು ನಿಮಿಷ ಅಲ್ಲ, ಏಳು ದಿನ — ಅದೂ ಖರೆ, ಅದೂ ಖರೆಯೇ.

ಹುನಗುಂದದ ಬಸ್ ನಿಲ್ದಾಣದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು, ಎರಡೂಕಾಲು, ಇಳಿದು ನಡೆದರೆ ದವಾಖಾನೆ ಐದು ನಿಮಿಷದ ದಾರಿ, ಕಾಲು ಇಳಿಯಲಿಲ್ಲ, ಕೆಲಸದ ಹೊತ್ತಿನಲ್ಲಿ ಸುನಂದಾಳ ಫೋನು ಕಪಾಟಿನಲ್ಲಿರುತ್ತದೆ, ವಾರ್ಡಿನ ಫೋನಿಗೆ ಹಚ್ಚಿದ, ಎತ್ತಿದವಳು ಆಯಾ ಬಸಲಿಂಗವ್ವ, ಸಿಸ್ಟರು ಒಳಗ ಕೂಸಿಗೆ ಹಾಲು ಕುಡಸಾಕತ್ತಾರ್ರಿ, ಏನ್ ಹೇಳ್ಲಿ, ಅಂದಳು, ಮೂರಕ್ಕ ಪರದಿ ಹೋಗ್ತದ ಅಂತ ಹೇಳ್ರಿ, ಇಷ್ಟೇ ಮಾತು, ನಾಲಿಗೆಯ ತುದಿಗೆ ಬಂದು ನಿಂತಿತ್ತು, ಬಾಯಿಯಿಂದ ಬಂದದ್ದು, ಊಟ ಆತೇನ ಕೇಳ್ರಿ, ಹೆಂಡತಿಗೆ ಫೋನು ಹಚ್ಚಿ ನಡುವೆ ಇನ್ನೊಬ್ಬರು ಸಿಕ್ಕರೆ ಅವನು ಕೇಳುವುದೇ ಅದು, ಬಸಲಿಂಗವ್ವ ನಕ್ಕಳು, ಆಗೇತ್ರಿ ಸಾಹೇಬ್ರ, ಎರಡು ರೊಟ್ಟಿ, ಬದನಿಕಾಯಿ ಪಲ್ಯ, ನನ್ನ ಗಂಡ ಮೂವತ್ತು ವರ್ಷದಾಗ ಒಮ್ಮೆ ಕೇಳಿಲ್ಲ, ನೀವು ದಿನಾ ಕೇಳ್ತೀರಿ, ಮತ್ತೇನರ ಐತೇನ್ರಿ, ಏನಿಲ್ಲ, ಅಂದ, ಮತ್ತೇನಿಲ್ಲ, ಇಡ್ತೇನಿ. ಬಸ್ಸು ಹೊರಟಿತು.

ಅಮೀನಗಡ ಬಂತು, ಕರದಂಟಿನ ಅಂಗಡಿಗಳು, ತುಪ್ಪದ ವಾಸನೆ, ಜ್ವರ ಇಳಿದರೆ ಪ್ರೀತಿಗೆ ಒಂದು ಡಬ್ಬಿ ಒಯ್ಯಬೇಕು, ಅವಳ ಜ್ವರದ ಎದೆಯ ಮೇಲೆ ನಸುಕಿನಲ್ಲಿ ಸುನಂದಾ ಅಂಗೈ ಇಟ್ಟು ಕಣ್ಣು ಮುಚ್ಚಿ ಕೂತಿದ್ದಳು, ಥರ್ಮಾಮೀಟರು ಪಕ್ಕದಲ್ಲೇ ಇತ್ತು, ಆದರೂ ಅಂಗೈ, ಮೇಜಿನ ಪರದೆಯ ಮೇಲೆ ಆರು ಹಸಿರು ಗೆರೆ ಏಳುತ್ತ ಇಳಿಯುತ್ತ, ಇವತ್ತು ಎಷ್ಟು ಕೂಸುಗಳಿವೆಯೋ, ಕೇಳಬೇಕಿತ್ತು, ರೊಟ್ಟಿ ಎಷ್ಟು ಎಂದು ತಿಳಿದುಕೊಂಡ, ಕೂಸು ಎಷ್ಟು ಎಂದು ಕೇಳಲಿಲ್ಲ — ಕಮತಗಿ ಹತ್ತಿರ ಬಂದಾಗ ಎರಡು ಐವತ್ತಾರು, ವಾರ್ಡಿನ ನಂಬರು ಮೊಬೈಲಿನ ಮೇಲೆ ಬೆಳಗುತ್ತಿದೆ, ಹೆಬ್ಬೆರಳು ಅದರ ಮೇಲೆ, ಒತ್ತಿದರೆ ಅವಳು ತಡೆಯುತ್ತಾಳೆ, ತಡೆದರೆ ನಾಲ್ಕನೆಯ ಸಲ ಮುಂದಕ್ಕೆ, ಬೆಳಕು ಆರಿತು, ಮತ್ತೆ ಹಚ್ಚಿದ, ಮತ್ತೆ ಆರಿತು, ಹಣೆಯನ್ನು ಗಾಜಿಗೆ ಹಚ್ಚಿ ಕಣ್ಣು ಮುಚ್ಚಿದ, ನಿದ್ದಿ ಹತ್ತಿತ್ತು ಅಂತ ಆಮ್ಯಾಲೆ ಹೇಳಬಹುದು, ನಿದ್ದೆ ಹತ್ತಿರಲಿಲ್ಲ, ಹಿಂದಿನ ಸೀಟಿನಲ್ಲಿ ಯಾರೋ, ಎಷ್ಟಾತ್ರಿ ಟೈಮು, ಮೂರಾತು, ಅಂದದ್ದು ಕೇಳಿಸಿತು, ನಡುಗುವ ಗಾಜು, ಹಿಂದಕ್ಕೆ ಹೋಗುವ ಸೂರ್ಯಕಾಂತಿ ಹೊಲ, ಒಂದು ತೊಟ್ಟಿಲು, ಇದೆ, ಇನ್ನೊಂದು ತೊಟ್ಟಿಲು, ಇದೆ, ಮುಂದಿನದು, ಅಂಗೈ ಕೆಳಗೆ ಬರುತ್ತಿದೆ, ಎದೆಯನ್ನು ಮುಟ್ಟುವ ಮೊದಲು ಗಾಳಿಯಲ್ಲಿ, ತೆರೆದ ಅಂಗೈ, ತೆರೆದ ಅಂಗೈ.

ಅವನು ಹೇಳಲಿಲ್ಲ. ಕೊಟ್ಟ ಮಾತು ಮುರಿದ.