ಜೇಬಿನ ಫ್ಯೂಸು

ಮುರಿಗೆಪ್ಪನ ಖಾಕಿ ಅಂಗಿಯ ಮೂರನೇ ಗುಂಡಿ ಬಿಚ್ಚುವಾಗ ಸುಂದ್ರವ್ವನ ಬೆರಳಿಗೆ ಜೇಬಿನಲ್ಲಿ ಏನೋ ಗಟ್ಟಿಯಾಗಿ ತಾಗಿತು. ಬೆಳಿಗ್ಗೆ ಡ್ಯೂಟಿಗೆ ಹೊರಟವನು ಬೂಟಿನ ಲೇಸು ಕಟ್ಟಲು ಬಗ್ಗಿದ್ದ, ಮೇಲೇಳಲೇ ಇಲ್ಲ. ಡಾಕ್ಟರು ಬಂದು ಹಾರ್ಟು ಎಂದು ಹೇಳಿ ಹೋಗಿಯೂ ಆಗಿತ್ತು. ಆಂಟಾಪ್ ಹಿಲ್ಲಿನ ಆ ಒಂದೇ ಖೋಲಿಯಲ್ಲಿ ಯಾರಿಗೂ ಇನ್ನೂ ಅಳು ಬಂದಿರಲಿಲ್ಲ, ಅಷ್ಟು ದಿಗಿಲು.

"ತೆಗಿಬೇಡಿ ಅಕ್ಕ," ಎಂದ ಬಾಗಿಲಲ್ಲಿ ನಿಂತಿದ್ದ ದೂಜ. ಮುರಿಗೆಪ್ಪನ ಕಂಪನಿಯಲ್ಲೇ ಸಮುದ್ರಕ್ಕೆ ಇಳಿಯುವ ಡೈವರು ಅವನು, ಸುದ್ದಿ ಕೇಳಿ ಕುರ್ಲಾದಿಂದ ಓಡಿ ಬಂದಿದ್ದ. ಈಗ ಅವನ ಮುಖ ಬಿಳಿಚಿಕೊಂಡಿತ್ತು.

"ಅದು ಫ್ಯೂಸು. ನಿನ್ನೆ ಕೆಲಸ ಅರ್ಧ ಆಗಿದೆ, ಅದಕ್ಕೇ ಜೇಬಲ್ಲಿ ಉಳಿದಿದೆ. ಇವತ್ತು ಹತ್ತೂವರೆಗೆ ನಮ್ಮ ಹೊಸ ಹುಡುಗ ಅಂಗಾರ ನೀರಿಗೆ ಇಳಿಯುವುದು. ಇದು ಇಲ್ಲಿ ಇದ್ದರೆ ಅಲ್ಲಿ ಸ್ಟೋರಿನಿಂದ ಬೇರೆ ತಂದು ಹಾಕ್ತಾರೆ. ಹೊಸ ಸಾಹೇಬರಿಗೆ ನಮ್ಮ ಪದ್ಧತಿ ಗೊತ್ತಿಲ್ಲ."

"ಹಾಕಿದ್ರ ಏನಾಗ್ತೈತಿ?"

ದೂಜ ಎಡಗೈ ಚಾಚಿದ. ಎರಡು ಬೆರಳು ಮೊಂಡಾಗಿದ್ದವು.

*

ಎಪ್ಪತ್ತೊಂದರ ಮಾತು. ಧಕ್ಕೆಗೆ ಕಟ್ಟಿದ ಬಾರ್ಜಿನ ಮೇಲೆ, ಸ್ವಿಚ್ಚಿನ ಪೆಟ್ಟಿಗೆಯ ಮುಂದೆ ಮುರಿಗೆಪ್ಪ. ನಲವತ್ತು ಅಡಿ ಕೆಳಗೆ, ಎಣ್ಣೆ ಪೈಪಿನ ವಾಲ್ವಿನ ಹಲ್ಲುಗಾಲಿಗಳಲ್ಲಿ ಕೈಯಿಟ್ಟ ದೂಜ. ವಾಲ್ವು ತಿರುಗಿಸುವ ಮೋಟರು ನೀರಿನ ತಳದಲ್ಲಿತ್ತು, ಅದರ ಕರೆಂಟು ಮುರಿಗೆಪ್ಪನ ಕೈಯಲ್ಲಿತ್ತು. ಇಬ್ಬರ ನಡುವೆ ಒಂದು ಟೆಲಿಫೋನ್ ತಂತಿ.

"ಅವಸರ ಮಾಡಬ್ಯಾಡ ತಮ್ಮಾ."

"ಆವು," ಎಂದ ದೂಜ. ತುಳುವಿನಲ್ಲಿ, ಆಗಲಿ ಎಂದಷ್ಟೇ ಅರ್ಥ. ವಿಜಾಪುರದ ಕಿವಿಗೆ ಅದು "ಆತು" ಎಂದು ಕೇಳಿಸಿತು. ಕೆಲಸ ಮುಗಿಯಿತೆಂದು ಮುರಿಗೆಪ್ಪ ಸ್ವಿಚ್ಚು ಒತ್ತಿದ.

ಆಸ್ಪತ್ರೆಯಲ್ಲಿ ಅವನು ದೂಜನ ಕಾಲು ಹಿಡಿದುಕೊಂಡು ಅತ್ತ. ಆಮೇಲೆ ಮಾತನ್ನು ನಂಬಲೇ ಇಲ್ಲ. ಡೈವರು ಇಳಿಯುವ ಮೊದಲು ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಇಳಿದವನೇ ಮೇಲೆ ಬಂದು, ಒದ್ದೆ ಕೈಯಿಂದ ಅದನ್ನು ಆ ಜೇಬಿನಿಂದ ತೆಗೆದುಕೊಡಬೇಕು. ಸಾಹೇಬರೇ ಕೇಳಿದರೂ ಕೊಡುತ್ತಿರಲಿಲ್ಲ.

*

ಸುಂದ್ರವ್ವ ಜೇಬನ್ನೇ ನೋಡಿದಳು. ಆರು ವರ್ಷ ಅದರ ಮೇಲಿನ ಉಪ್ಪಿನ ಕಲೆ ತಿಕ್ಕಿ ತಿಕ್ಕಿ, "ಸಮುದ್ರಾನ ಕಿಸೇದಾಗ ಹಾಕ್ಕೊಂಡು ಬರ್ತೀರೇನು?" ಎಂದು ಬೈದಿದ್ದಳು. ಪುಣ್ಯಾತ್ಮ ಒಮ್ಮೆಯೂ ಕಾರಣ ಹೇಳಿರಲಿಲ್ಲ.

"ಯಾಕ ನಿಂತಿ? ಓಡು," ಎಂದಳು. ದೂಜ ಮೆಟ್ಟಿಲಿಳಿದು ಓಡಿದ.

ಮೈದುನ ಚಂದ್ರಾಮ ಹತ್ತಿರ ಬಂದ. "ವೈನಿ, ಹೊತ್ತಾತು. ಅಂಗಿ ಬಿಚ್ಚಿ ಮೈ ತೊಳಸೂಣು."

"ಆ ಅಂಗಾರ ಮ್ಯಾಲ ಬರೂತನಕ ಬಿಚ್ಚೂದಿಲ್ಲ."

"ಹೆಣ ಮುಂದಿಟ್ಕೊಂಡು ಯಾರರ ಹಿಂಗ ಹಠಾ ಮಾಡ್ತಾರೇನು?"

"ನಾ ಮಾಡ್ತೀನಿ."

ಹತ್ತೂವರೆಯಾಯಿತು, ಹನ್ನೊಂದಾಯಿತು. ಗಂಡನನ್ನು ಕಳೆದುಕೊಂಡವಳು ಮುಖವನ್ನೇ ನೋಡದ ಯಾರದೋ ಮಗನಿಗಾಗಿ ಬಾಗಿಲು ಕಾಯುತ್ತ ಕೂತಳು.

ಹನ್ನೆರಡರ ಸುಮಾರಿಗೆ ಕೆಳಗೆ ಟ್ಯಾಕ್ಸಿ ನಿಂತಿತು. ದೂಜನ ಹಿಂದೆ ಅಂಗಾರ ಬಂದ. ಮೈ ಒರೆಸದೆ ಅಂಗಿ ಎಳೆದುಕೊಂಡಿದ್ದ, ಕೂದಲಿಂದ ನೀರು ಇಳಿಯುತ್ತಿತ್ತು.

"ಹೊಸ ಫ್ಯೂಸು ಹಾಕಿ ಆಗಿತ್ತು ಅಕ್ಕ," ಎಂದ ದೂಜ. "ಸಾಹೇಬರ ಕೈ ಸ್ವಿಚ್ಚಿನ ಮೇಲೆ ಇತ್ತು. ಕೆಳಗಿನಿಂದ ಇವನೂ 'ಆವು' ಅಂದಿದ್ದ. ನಾನು ಓಡಿ ಹೋಗಿ ಆ ಕೈ ಹಿಡಿದೆ."

ಅಂಗಾರನ ಹಲ್ಲು ಕಟಕಟ ಎನ್ನುತ್ತಿತ್ತು.

"ತಗೀ ತಮ್ಮಾ. ನೀನ ತಗೀಬೇಕಂತ," ಎಂದಳು ಸುಂದ್ರವ್ವ.

ಅಂಗಾರ ಮಂಡಿಯೂರಿ, ಜೇಬಿನಿಂದ ಫ್ಯೂಸು ತೆಗೆದು, ರೂಢಿಯಂತೆ ಮುರಿಗೆಪ್ಪನ ಕೈಯ ಕಡೆ ಚಾಚಿದ. ಚಾಚಿದ ಕೈ ಹಾಗೇ ನಿಂತಿತು.

ಆಗ ಸುಂದ್ರವ್ವನಿಗೆ ಅಳು ಬಂತು. ಅಳುತ್ತಲೇ ಮೂರನೇ ಗುಂಡಿಗೆ ಕೈ ಹಾಕಿದಳು. ಖಾಕಿ ಜೇಬಿನ ಮೇಲೆ ಅಂಗಾರನ ಎರಡು ಬೆರಳಿನ ಒದ್ದೆ ಗುರುತು ಹರಡುತ್ತಿತ್ತು.